ಆರು ಹತ್ತರಲ್ಲಿ ನಿಂತ ಮುಖ

ಈ ಭೂಮಿಯ ಮೇಲೆ ಎಷ್ಟು ಫೋನುಗಳ ಮುಖ ಬೆರಳು ತಾಗುವ ಮುಂಚೆಯೇ ಬೆಳಗುತ್ತದೋ ಅಷ್ಟಕ್ಕೂ ಆ ವಿದ್ಯೆ ಕಲಿಸಿದವನು ನಾನು, ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ ಎಂಟಡಿ ಅಗಲದ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಸನ್ಮತಿ. ಕೊರಿಯಾದವರು ಬಂದು ಕೇಳಿಕೊಂಡರು, ಚೀನಾದವರು ಕಾಲು ಹಿಡಿದರು, ಅಷ್ಟೇಕೆ, ಸೂರ್ಯನೇ ಒಂದು ದಿನ ಮುಳುಗಲು ಹೋಗುವ ದಾರಿಯಲ್ಲಿ ನನ್ನ ಅಂಗಡಿಯ ಗಾಜಿನೆದುರು ನಿಂತು, ಒಳಗೆ ಇಣುಕಿ, ತನ್ನ ಹೊತ್ತು ಸರಿಮಾಡಿಕೊಂಡು ಹೋದ. ನಂಬದಿದ್ದರೆ ಬಿಡಿ. ಇದನ್ನೆಲ್ಲ ನಾನು ಮೊನ್ನೆ ಸೋಮವಾರ ಮಧ್ಯಾಹ್ನ ಎರಡೂವರೆಗೆ ಬೆಳಗೊಳದ ರಸ್ತೆಯಲ್ಲಿ ಬೈಕ್ ಓಡಿಸುತ್ತಾ ಹೆಲ್ಮೆಟ್ಟಿನೊಳಗೆ ಹೇಳಿಕೊಳ್ಳುತ್ತಿದ್ದೆ. ಹೆಲ್ಮೆಟ್ಟಿನೊಳಗಿನ ಮಾತು ಹೊರಗೆ ಹೋಗುವುದಿಲ್ಲ. ಬಾಯಿಯ ಆವಿ ಗಾಜಿಗೆ ಹತ್ತಿ ಎದುರಿನ ರಸ್ತೆ ಮಂಜಾಗುತ್ತದೆ, ಅಷ್ಟೆ.

ಜಿನಶ್ರೀಯ ಫೋನ್ ಬಂದದ್ದು ನಾನು ತಟ್ಟೆಯ ಮುಂದೆ ಕೂತಿದ್ದಾಗ. ಜಿನಶ್ರೀ ಎಂದರೆ ನನ್ನ ಸೋದರತ್ತೆ ಮರುದೇವಮ್ಮನ ಸೊಸೆ. "ಸನ್ಮತಿ ಅಣ್ಣಾ, ಅತ್ತೆ ನಾಕು ಗಂಟೆಗೆ ಬೆಳಗೊಳಕ್ಕೆ ಹೊರಟವ್ರೆ. ಪದ್ಮರಾಜಯ್ಯನೋರು ಕಾರ್ ತರ್ತಾರಂತೆ. ಮುನಿಗಳ ಮುಂದೆ ಕೂತು ಏಕಭುಕ್ತದ ವ್ರತ ತಗೋತಾರಂತೆ, ಸಾಯೋ ತಂಕ! ಮಧ್ಯಾಹ್ನ ಒಂದೊತ್ತು ಊಟ, ಆಮೇಲೆ ಮಾರನೆ ಮಧ್ಯಾಹ್ನದ ತಂಕ ಏನೂ ಇಲ್ಲ. ಶುಗರ್ ಮಾತ್ರೆ ನುಂಗೋ ಎಪ್ಪತ್ತಾರು ವರ್ಷದೋರು ಅಣ್ಣಾ. ಇವ್ರು ಹೇಳಿದ್ದಾಯ್ತು, ನಾನು ಅತ್ತಿದ್ದಾಯ್ತು. ನಿಮ್ಮ ಮಾತಾದ್ರೆ ಕೇಳ್ತಾರೆ, ಬನ್ನಿ." ನನ್ನ ಮಾತು ಕೇಳುತ್ತಾರೆ. ನನ್ನ ಆರನೆಯ ವಯಸ್ಸಿನಲ್ಲಿ ಅಮ್ಮ ಹೋದಂದಿನಿಂದ ನನಗೆ ಉಣ್ಣಲಿಕ್ಕಿದ ಕೈ ಅತ್ತೆಯದು. ನಾನು ಹೇಳಿದ ಎಲ್ಲವನ್ನೂ ಅರ್ಧ ನಕ್ಕು ಅರ್ಧ ನಂಬಿದವಳು ಅವಳೊಬ್ಬಳೇ. ಅನ್ನ ಮುಚ್ಚಿಟ್ಟು ಶಟರ್ ಎಳೆದೆ. ಶಟರ್ ಎಳೆಯುವಾಗ ಕೈಗೆ ಹತ್ತಿದ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡೆ, ಅದು ದಾರಿಯುದ್ದಕ್ಕೂ ತೊಡೆಯ ಮೇಲೆ ಕಾಣುತ್ತಿತ್ತು.

ಹೊತ್ತು ಮುಳುಗಿದ ಮೇಲೆ ಅತ್ತೆ ಅನ್ನ ಮುಟ್ಟಿದವಳಲ್ಲ. ನಮ್ಮ ಜೈನರ ಮನೆಗಳಲ್ಲಿ ಇದೇನು ಹೊಸದಲ್ಲ; ಆದರೆ ನಮ್ಮಲ್ಲಿ ಎಷ್ಟೋ ಜನ ಹಾಸನದ ಹೋಟೆಲಿನಲ್ಲಿ ಒಂಬತ್ತು ಗಂಟೆಗೆ ದೋಸೆ ತಿಂದು ಬಾಯಿ ಒರೆಸಿಕೊಂಡು ಬರುತ್ತೇವೆ. ಅತ್ತೆ ಹಾಗಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಿಡಿದ ನೇಮ, ಐವತ್ತೇಳು ವರ್ಷ. ಮಗನ ಮದುವೆಯ ದಿನ ಗಲಾಟೆಯಲ್ಲಿ ಹೊತ್ತು ಮೀರಿತೆಂದು ಹಸಿದೇ ಮಲಗಿದಳು. ನಾನು ಚಿಕ್ಕವನಿದ್ದಾಗ ಬೀದಿಯ ತುದಿಯಲ್ಲಿ ನಿಂತು ಕೂಗುವಳು, "ಲೇ ಸನ್ಮತೀ, ಬಿಸ್ಲು ಗೋಪುರದ್ ಮೇಲಕ್ಕೋಯ್ತು, ಬಾರೋ!" ನಾನು ಓಡಿ ಬಂದು, ಕೈಯನ್ನೂ ತೊಳೆಯದೆ ತಟ್ಟೆಯ ಮುಂದೆ ಕುಕ್ಕರಿಸುತ್ತಿದ್ದೆ. ಅವಳ ಒಂದು ಕಣ್ಣು ನನ್ನ ತಟ್ಟೆಯ ಮೇಲೆ, ಒಂದು ಕಣ್ಣು ಅಂಗಳದ ಬೆಳಕಿನ ಮೇಲೆ. ಆ ಎರಡು ಕಣ್ಣಿಗೂ ಈ ವರ್ಷ ಪೊರೆ ಬಂತು. ಹಾಸನದಲ್ಲಿ ಒಂದು ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಬಂತು. ಇನ್ನೊಂದರದ್ದು ಮುಂದಿನ ತಿಂಗಳು. ಗೋಡೆಯ ಗಡಿಯಾರದ ಮುಳ್ಳು ಕಾಣುವುದಿಲ್ಲ, ಆಷಾಢದ ಮೋಡದಲ್ಲಿ ಸೂರ್ಯನಂತೂ ಕಾಣುವುದೇ ಇಲ್ಲ. "ಏನಾರ ಮಾಡಿಕೊಡೋ," ಎಂದಳು. ಅಷ್ಟು ಸಾಕಾಯಿತು ನನಗೆ.

ಹಿಂದಿನ ಗಾಜು ಒಡೆದು ಅಂಗಡಿಯಲ್ಲಿ ಬಿದ್ದಿದ್ದ ಒಂದು ದೊಡ್ಡ ಪರದೆಯ ಫೋನನ್ನು ಹಲಗೆಗೆ ಕೂರಿಸಿ ಅಡಿಗೆಮನೆಯ ಬಾಗಿಲ ಪಕ್ಕದ ಗೋಡೆಗೆ ಬಡಿದೆ. ಪರದೆ ಯಾವಾಗಲೂ ಆರದೆ ಸಣ್ಣಗೆ ಬೆಳಗುತ್ತಿರಬೇಕು. ಬೆರಳಿಟ್ಟರೆ ಅಂಗೈಯಗಲದ ಅಂಕಿಗಳು ಎದ್ದು ಬರಬೇಕು: ಈಗ ಇಷ್ಟು ಗಂಟೆ, ಇವತ್ತು ಹೊತ್ತು ಮುಳುಗುವುದು ಇಷ್ಟಕ್ಕೆ, ಉಣ್ಣಲು ಉಳಿದಿರುವುದು ಇಷ್ಟು ನಿಮಿಷ. ಪಂಚಾಂಗ ಮುಂದಿಟ್ಟುಕೊಂಡು ಇಡೀ ವರ್ಷದ ಸೂರ್ಯಾಸ್ತಗಳನ್ನು ನಾನೇ ತುಂಬಿದೆ. ಮುನ್ನೂರ ಅರವತ್ತೈದು ಸೂರ್ಯರನ್ನು ಒಂದು ಅಂಗೈಯಲ್ಲಿ ಮುಳುಗಿಸಿದವನು ಈ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸಿ. ಎಲ್ಲ ಚೆನ್ನಾಗಿತ್ತು, ಒಂದನ್ನು ಬಿಟ್ಟು. ಬ್ಯಾಟರಿ ಉಳಿಸಲು ಅದರ ಎದೆ, ಎಂದರೆ ಒಳಗಿನ ಚಿಪ್, ಸದಾ ತೂಕಡಿಸುತ್ತಿರುತ್ತದೆ. ಬೆರಳಿಟ್ಟಾಗ ಎದೆ ಎಚ್ಚರಾಗಬೇಕು, ಗಂಟೆ ಕೇಳಬೇಕು, ಲೆಕ್ಕ ಹಾಕಬೇಕು, ಅಂಕಿ ಬರೆಯಬೇಕು. ಮೂರು ಸೆಕೆಂಡು. ಮೊದಲ ದಿನವೇ, ನೆಂಟರು ಇಷ್ಟು ಜನ ಕೂತಿರುವಾಗ, ಅತ್ತೆ ಬೆರಳಿಟ್ಟು ನಿಂತಳು. ನಿಂತೇ ಇದ್ದಳು. "ಏನೋ ಸನ್ಮತಿ, ನಿನ್ ಗಡಿಯಾರ ಮಾವನ ಮನೇಲಿ ಮಲಗಿರೋ ಅಳಿಯನಂಗೆ ಕಣೋ. ಎಬ್ಬಿಸಿದ್ರೆ ಹೂಂ ಅಂತದೆ, ಏಳಲ್ಲ!" ಎಲ್ಲರೂ ನಕ್ಕರು. ಜಿನಶ್ರೀ ಸೆರಗು ಬಾಯಿಗಿಟ್ಟುಕೊಂಡಳು. ಅವಳು ಹಾಗೆ ಮರ್ಯಾದೆಗೆ ಮುಚ್ಚಿಕೊಂಡು ನಕ್ಕದ್ದೇ ನನಗೆ ಹೆಚ್ಚು ಚುಚ್ಚಿತು. ಹೊಳೆನರಸೀಪುರದಲ್ಲಿ ಡಿಪ್ಲೊಮಾ ಓದಲು ಹೋಗಿ ಎರಡನೆಯ ವರ್ಷಕ್ಕೇ ಪೆಟ್ಟಿಗೆ ಹೊತ್ತು ಮರಳಿದ ದಿನವೂ ನೆಂಟರ ನಡುವೆ ಇಂಥದೇ ಸೆರಗುಗಳಿದ್ದವು.

ಅದನ್ನು ಗೋಡೆಯಿಂದ ಕಿತ್ತು ಅಂಗಡಿಗೆ ತಂದು, ಮೂರು ಸೆಕೆಂಡನ್ನು ಕೊಲ್ಲಲು ನಾನು ಮೂರು ವಾರ ಕೂತೆ. ಕೊನೆಗೆ ಹೊಳೆದ ಉಪಾಯ ಬಹಳ ಸುಲಭದ್ದು. ಎದೆಯನ್ನು ಕಾಯುವುದೇ ಬೇಡ. ನಿಮಿಷಕ್ಕೊಮ್ಮೆ ಅದು ಒಂದು ಚಿತ್ರ ಬರೆದು ಮಡಿಸಿಟ್ಟಿರಲಿ. ಬೆರಳು ಹತ್ತಿರ ಬರುತ್ತಿದ್ದಂತೆ ಆ ಚಿತ್ರವನ್ನು ಮುಖಕ್ಕೆ ಎಸೆದುಬಿಡಲಿ. ನಿಜವಾದ ಗಂಟೆ ಎಚ್ಚರಾಗಿ ಹಿಂದಿನಿಂದ ಬಂದು ಅದರ ಜಾಗದಲ್ಲಿ ಕೂರಲಿ. ಚಿತ್ರಕ್ಕೂ ನಿಜಕ್ಕೂ ನೋಡುವವರಿಗೆ ವ್ಯತ್ಯಾಸವೇ ತಿಳಿಯದು. ಹಾಸನದ ಹತ್ತಿರದ ಮೊಸಳೆ ಎಂಬ ಊರಿನ ಜೋಡಿ ಗುಡಿಗಳ ಮುಂದೆ ನಿಂತರೆ ಯಾವುದು ಯಾವ ದೇವರದೆಂದು ಒಳಗೆ ಹೋಗುವ ತನಕ ಗೊತ್ತಾಗುವುದಿಲ್ಲವಲ್ಲ, ಹಾಗೆ. ಅತ್ತೆ ಬೆರಳು ಚಾಚಿದಳು; ತಾಗುವ ಮೊದಲೇ ಅಂಕಿಗಳು ಧಗ್ ಎಂದವು. ಅವಳು ಬೆಚ್ಚಿ ಕೈ ಹಿಂದೆಳೆದುಕೊಂಡಳು. "ಅಯ್ಯಯ್ಯಪ್ಪಾ, ಕಾಯ್ಕಂಡೇ ಕೂತೈತೆ ಕಣೇ ಜಿನಶ್ರೀ!" ಆ ಮಾತನ್ನು ನಾನು ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಿಂದ ರಾಮನಾಥಪುರದ ತಂಬಾಕು ಹರಾಜಿನ ಕಟ್ಟೆಯ ತನಕ ಹೊತ್ತು ಮಾರಿದೆ. ಆದರೆ ಅದಕ್ಕೂ ನಾಲ್ಕು ದಿನ ಮೊದಲು, ಅಂಗಡಿಯಲ್ಲಿ, ಚಾರ್ಜರ್ ಕಿತ್ತಿಟ್ಟಿದ್ದಾಗ ಒಂದು ಸಂಗತಿ ನಡೆದಿತ್ತು. ಬ್ಯಾಟರಿ ತಳಕ್ಕೆ ಹೋದಾಗ ಎದೆ ಗಾಢ ನಿದ್ದೆಗೆ ಜಾರಿ, ಹೊಸ ಚಿತ್ರ ಬರೆಯುವುದನ್ನೇ ಬಿಟ್ಟಿತು. ಬೆರಳಿಟ್ಟರೆ ಧಗ್ ಎಂದು ಹಳೆಯ ಚಿತ್ರವೇ ಬಂತು. ಹನ್ನೊಂದು ನಿಮಿಷ ಹಾಗೇ ನಿಂತಿತ್ತು, ಒಂದು ರೆಪ್ಪೆಯೂ ಅಲುಗದೆ, ಸುಳ್ಳು ಹೇಳುವವನು ಕಣ್ಣಲ್ಲಿ ಕಣ್ಣಿಟ್ಟು ನೋಡುವಂತೆ. ಸರಿಮಾಡಲು ದಾರಿ ಒಂದೇ: ನಿಜ ಬರುವ ತನಕ ಏನನ್ನೂ ತೋರಿಸದಿರುವುದು. ಎಂದರೆ ಮತ್ತೆ ಮೂರು ಸೆಕೆಂಡು. ಮತ್ತೆ ಅಳಿಯ. ಕರೆಂಟು ಅಷ್ಟು ಹೊತ್ತು ಎಲ್ಲಿ ಹೋಗುತ್ತದೆ ಎಂದುಕೊಂಡೆ. ಅತ್ತೆಯ ಮನೆಯ ಗೋಡೆಗೆ ಮತ್ತೆ ಮೊಳೆ ಹೊಡೆಯುವಾಗ ಸುತ್ತಿಗೆ ಒಮ್ಮೆ ನನ್ನ ಹೆಬ್ಬೆರಳಿಗೆ ಬಿತ್ತು. ಉಗುರು ಇನ್ನೂ ಕಪ್ಪಗಿದೆ.

ಆ ಸೋಮವಾರಕ್ಕೆ ಹನ್ನೆರಡು ದಿನ ಮೊದಲು, ಬುಧವಾರ, ಮಧ್ಯಾಹ್ನ ಹನ್ನೆರಡಕ್ಕೆ ಕರೆಂಟು ಹೋಯಿತು. ಅತ್ತೆಯ ಮಗ ಮಹಾವೀರನೂ ಜಿನಶ್ರೀಯೂ ಅರಕಲಗೂಡಿನಲ್ಲಿ ಒಂದು ನಾಮಕರಣಕ್ಕೆ ಹೋಗಿದ್ದರು. ಅಕ್ಕಿರೊಟ್ಟಿ, ಹೀರೇಕಾಯಿ ಪಲ್ಯ, ಒಂದು ಲೋಟ ಹಾಲು ಮುಚ್ಚಿಟ್ಟಿದ್ದರು. ಬೆಳಗಿನಿಂದ ಮೋಡ ಕವಿದು ಮನೆಯೊಳಗೆ ಒಂದೇ ಥರದ ಬೂದು ಬೆಳಕು. ಅತ್ತೆ ಬೆರಳಿಟ್ಟಳು, ಆರು ಹತ್ತು ಎಂದಿತು ಗೋಡೆ, ಮುಳುಗಲು ನಲವತ್ತೆರಡು ನಿಮಿಷ. ಸಾವಕಾಶವಾಗಿ ಪಂಚನಮಸ್ಕಾರ ಮಂತ್ರ ಹೇಳಿಕೊಂಡು ತಟ್ಟೆಗೆ ಕೂತಳು. ಆಗ ನಿಜವಾದ ಗಂಟೆ ಏಳಕ್ಕೆ ಎರಡು ನಿಮಿಷ ಕಡಿಮೆ. ಸೂರ್ಯ ಆರು ಐವತ್ತೆರಡಕ್ಕೇ ಹೋಗಿಯಾಗಿತ್ತು. ಪಕ್ಕದ ಮನೆಯ ಲಕ್ಕಮ್ಮ ಡೈರಿಗೆ ಹಾಲು ಹಾಕಿ ಟಾರ್ಚ್ ಹಿಡಿದುಕೊಂಡು ಬಂದವಳು, "ಇದೇನಕ್ಕಾ, ವತ್ತು ಮುಳುಗಿ ಯಾವ್ ಕಾಲಾಯ್ತು, ಈಗ ಕೈ ತೊಳೀತಾ ಇದ್ದೀಯಲ್ಲ!" ಎಂದಾಗಲೇ ಅತ್ತೆಗೆ ಗೊತ್ತಾದದ್ದು. ನಾನು ಹೋದದ್ದು ಏಳೂವರೆಗೆ, ಗಡಿಯಾರ ಹೇಗಿದೆ ನೋಡಿಬರೋಣವೆಂದು. ಅಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಲಕ್ಕಮ್ಮ ಅತ್ತೆಯನ್ನು ಹಿತ್ತಲ ಕಟ್ಟೆಯ ಮೇಲೆ ಕೂರಿಸಿಕೊಂಡು ಸಮಾಧಾನ ಮಾಡುತ್ತಿದ್ದಳು. ನಾನು ಬೇಗ ಬೇಗ ನನ್ನ ಪವರ್ ಬ್ಯಾಂಕನ್ನು ಗೋಡೆಯ ಫೋನಿಗೆ ಚುಚ್ಚಿದೆ. ಅದು ಎಚ್ಚರಾಗಿ, ಸಭ್ಯನಂತೆ, ಏಳು ಮೂವತ್ತಮೂರು ಎಂದಿತು. ಅತ್ತೆ ಒಳಗೆ ಬಂದು ಬೆರಳಿಟ್ಟು ನೋಡಿದಳು. ಕಪ್ಪು ಕನ್ನಡಕ ತೆಗೆದು ಹತ್ತಿರ ಹೋಗಿ ಇನ್ನೊಮ್ಮೆ ನೋಡಿದಳು. "ಗಡಿಯಾರ ಸರಿಯಾಗೇ ಐತಲ್ಲೋ," ಎಂದಳು. "ನಾನೇ ಏಳನ್ನ ಆರು ಅಂತ ಓದ್ಬುಟ್ನಾ?" ನಾನು ಏನೂ ಅನ್ನಲಿಲ್ಲ. ಏನೂ ಅನ್ನದಿರುವುದು ನನ್ನ ಸ್ವಭಾವವಲ್ಲ ಎಂಬುದು ಆಗ ಅವಳಿಗೆ ಹೊಳೆಯಲಿಲ್ಲ.

ಮೂರು ದಿನ ಉಪವಾಸ ಮಾಡಿದಳು. ಕಂಡಕಂಡವರಿಗೆಲ್ಲ ತನ್ನ ಕಣ್ಣಿನ ತಪ್ಪನ್ನು ಹೇಳಿಕೊಂಡಳು. ಹೂವಿನವಳಿಗೆ, ಆಶಾ ಕಾರ್ಯಕರ್ತೆಗೆ, ಫೋನಿನಲ್ಲಿ ಅರಕಲಗೂಡಿನವರಿಗೆ. ಹಾಗೆ ಹೇಳುವಾಗಲೆಲ್ಲ, "ಪಾಪ, ಸನ್ಮತಿ ಅಷ್ಟು ಕಷ್ಟಪಟ್ಟು ಮಾಡಿಕೊಟ್ಟಿದ್ದ," ಎಂದು ಸೇರಿಸುತ್ತಿದ್ದಳಂತೆ. ನಾನು ಮರುದಿನವೇ ಹೋಗಿ, ಧೂಳು ಒರೆಸುವ ನೆಪದಲ್ಲಿ, ಆ ಮಡಿಸಿಟ್ಟ ಚಿತ್ರದ ಕಸುಬನ್ನು ಕಿತ್ತುಹಾಕಿ ಬಂದೆ. ಈಗ ಅದು ಮೂರು ಸೆಕೆಂಡು ತೆಗೆದುಕೊಂಡು ನಿಜ ಹೇಳುತ್ತದೆ. ಯಾರೂ ಗಮನಿಸಲಿಲ್ಲ. ಅತ್ತೆ ಅದರ ಹತ್ತಿರ ಹೋಗುವುದನ್ನೇ ಬಿಟ್ಟಿದ್ದಳು.

ಕೆರೆ ಏರಿಯ ತಿರುವಿನಲ್ಲಿ ಬೈಕ್ ನಿಧಾನ ಮಾಡಿದೆ. ಹೇಳಿಬಿಡಬೇಕು. ಹೇಳುವುದು ಎಷ್ಟರ ಮಾತು, ಮೂರು ಸೆಕೆಂಡಿನ ಮಾತು. ಅತ್ತೆ, ತಪ್ಪು ನಿಮ್ಮ ಕಣ್ಣಿನದಲ್ಲ, ಗಡಿಯಾರದ್ದು. ಆದರೆ ಬಾಯಿಯಲ್ಲಿ ಆ ಮಾತು ಸುತ್ತಿಕೊಂಡು ಬರುವಾಗಲೇ ಅದಕ್ಕೆ ಬಾಲ ಬೆಳೆಯುತ್ತಿತ್ತು: ಚೀನಾದ ಬ್ಯಾಟರಿ ಅತ್ತೆ, ಕಂಪನಿಯವರದೇ ಮೋಸ, ಅಮೆರಿಕದಲ್ಲೂ ಹೀಗೇ ಆಗಿದೆಯಂತೆ. ಬಾಲ ಕತ್ತರಿಸಿದರೆ ತಲೆಯೂ ಹೋಗುತ್ತಿತ್ತು. ಅತ್ತೆಯ ಮನೆ ಬಂತು. ಪದ್ಮರಾಜಯ್ಯನವರ ಕಾರು ಆಗಲೇ ನಿಂತಿತ್ತು.

ಅತ್ತೆ ನಡುಮನೆಯಲ್ಲಿ ಬಿಳಿ ಸೀರೆ ಉಟ್ಟು ಚಾಪೆಯ ಮೇಲೆ ಕೂತಿದ್ದಳು. ಕಪ್ಪು ಕನ್ನಡಕದ ಕೆಳಗೆ ಕೆನ್ನೆ ಒಳಗೆ ಹೋಗಿತ್ತು. "ಯಾರು, ಸನ್ಮತೀನಾ? ಬಾ. ಜಿನಶ್ರೀ ಕರೆಸಿದ್ಲಾ ನಿನ್ನ, ವಕೀಲಿಕೆಗೆ?"

"ವಕೀಲಿಕೆ ಏನಿಲ್ಲ ಅತ್ತೆ. ಸುಮ್ನೆ ಬಂದೆ."

"ನೀನು ಸುಮ್ನೆ ಬರೋನಲ್ಲ, ಸುಮ್ನೆ ಇರೋನೂ ಅಲ್ಲ." ಎಲ್ಲರಿಗೂ ಸ್ವಲ್ಪ ನಗು ಬಂತು. "ಕೇಳಿಲ್ಲಿ. ಕಣ್ಣು ನಂಬಂಗಿಲ್ಲ. ಕಣ್ಣು ನಂಬದಿದ್ಮೇಲೆ ಸಾಯಂಕಾಲದ ಊಟ ಯಾಕೆ? ಮಧ್ಯಾಹ್ನ ನೆತ್ತಿ ಮೇಲೆ ಸೂರ್ಯ ಇರ್ತಾನೆ, ಕುರುಡಿಗೂ ಗೊತ್ತಾಯ್ತದೆ. ಅಷ್ಟೇ ಇದು. ದೊಡ್ಡ ತ್ಯಾಗ ಗೀಗ ಏನಿಲ್ಲ."

"ಡಾಕ್ಟ್ರು ಏನಂದ್ರು ಹೇಳಿ ಅತ್ತೆ," ಎಂದಳು ಜಿನಶ್ರೀ ಬಾಗಿಲಿನಿಂದ. "ರಾತ್ರಿ ಶುಗರ್ ಇಳಿದ್ರೆ ಎದ್ದೇಳಲ್ಲ ಅಂದಿಲ್ವಾ?"

"ಏಳದಿದ್ರೆ ಮಲಗಿರ್ತೀನಿ. ಬಿಡೇ."

ಪದ್ಮರಾಜಯ್ಯನವರು ನಮ್ಮ ಕಡೆಯ ಹಿರಿಯರು, ಚಾತುರ್ಮಾಸದಲ್ಲಿ ವ್ರತದವರಿಗೆ ಊಟ ಹಾಕುವ ಭೋಜನಶಾಲೆ ನೋಡಿಕೊಳ್ಳುವವರು. ನನ್ನ ಬೆನ್ನ ಮೇಲೆ ಕೈಯಿಟ್ಟರು. "ಬಂದಿದ್ದು ಒಳ್ಳೇದಾಯ್ತು ಸನ್ಮತಿ. ಮರುದೇವಕ್ಕನ ಗಡಿಯಾರ ಎಲ್ಲರ ಬಾಯಲ್ಲೂ ಐತೆ. ನಮ್ಮ ಭೋಜನಶಾಲೆಗೂ ಅಂಥದ್ದೊಂದು ಹಾಕ್ಕೊಡಪ್ಪ, ಇನ್ನೂ ದೊಡ್ಡದು. ನಲವತ್ತು ಜನ ಮುದುಕರು ಉಣ್ತಾರೆ. ಯಾರ ಕಣ್ಣೂ ಸರಿಯಿಲ್ಲ. ಗೋಡೆ ನೋಡ್ಕಂಡು ಉಣ್ಲಿ."

ಬೇಡ ಎನ್ನಬೇಕಿತ್ತು. ನಲವತ್ತು ಕೈಗಳು ನಲವತ್ತು ತಟ್ಟೆಗಳ ಮೇಲೆ, ನಲವತ್ತು ಮುಖ ನನ್ನ ಗೋಡೆಯ ಕಡೆ, ಎಂದು ಒಮ್ಮೆಲೇ ಕಂಡಿತು. ನಾಲಿಗೆ ಮಾತ್ರ ತನ್ನ ಪಾಡಿಗೆ ಹೊರಟಿತ್ತು: "ಅದೇನ್ ಮಹಾ ದೊಡ್ಡಪ್ಪಾ, ಗೋಡೆಯಗಲ ಮಾಡ್ತೀನಿ. ಬೆರಳೂ ಬೇಡ, ಮನಸ್ಸಲ್ಲಿ ನೆನೆಸ್ಕೊಂಡ್ರೆ ಸಾಕು, ಹತ್ಕೊಳ್ಳಂಗೆ..."

ಅಷ್ಟರಲ್ಲಿ ಲಕ್ಕಮ್ಮ ಬಂದಳು. ಅತ್ತೆ ಹೊರಡುವುದನ್ನು ನೋಡಲು, ಮಡಿಲಲ್ಲಿ ನಾಲ್ಕು ನಿಂಬೆಹಣ್ಣು ಕಟ್ಟಿಕೊಂಡು. ಕಂಬಕ್ಕೆ ಒರಗಿ ಕೂತಳು. "ನಾನಾರ ಆವತ್ತು ಬಿರ್ನೆ ಬರ್ಬಾರ್ದಾಗಿತ್ತಾ ಅಕ್ಕಾ. ಆಳಾದ್ ಡೈರೀಲಿ ಫ್ಯಾಟ್ ನೋಡಕ್ಕೆ ನಿಂತ್ಕಂಬುಟ್ಟೆ," ಎಂದು ಮೂಗು ಸೀಟಿದಳು. ಅವಳ ದುಃಖ ನೋಡಿ ನನಗೂ ಒಂದು ದುಃಖ ತೋರಿಸಬೇಕೆನಿಸಿತು. ಅದೂ ಅವಳದಕ್ಕಿಂತ ದೊಡ್ಡದು.

"ನಿನ್ನ ಮಾತಿರ್ಲಿ ಲಕ್ಕಮ್ಮ," ಎಂದೆ, "ನಾನು! ನಾನೊಂದು ಅರ್ಧ ಗಂಟೆ ಮುಂಚೆ ಬಂದಿದ್ರೆ, ಅತ್ತೆ ಕೈ ಹಿಡ್ಕೊಂಡ್ಬಿಡ್ತಿದ್ದೆ. ತಟ್ಟೇನೇ ಕಿತ್ತು ಅಂಗಳಕ್ಕೆ ಎಸೀತಿದ್ದೆ. ಏಳೂವರೆಗೆ ಬಂದ್ನಲ್ಲ ಪಾಪಿ ನಾನು, ಏಳೂವರೆಗೆ!"

ಲಕ್ಕಮ್ಮ ಸೆರಗಿನಿಂದ ಮುಖ ತೆಗೆದು ನನ್ನನ್ನು ನೋಡಿದಳು. ಅದರಲ್ಲಿ ಹಗೆ ಇರಲಿಲ್ಲ, ಲೆಕ್ಕ ತಾಳೆಯಾಗದವರ ಗೊಂದಲವಿತ್ತು. "ಏಳೂವರೆನಾ? ನಾನು ಕ್ಯಾನ್ ಎತ್ಕಂಡು ಡೈರಿಗೆ ಓಗುವಾಗ್ಲೇ ನೀವು ಇಲ್ಲೇ ಜಗ್ಲಿ ಮ್ಯಾಲೆ ಕುಂತಿದ್ರಲ್ಲ ಸನ್ಮತಣ್ಣ. ಮೊಬೈಲು ನೋಡ್ಕಂಡು. ನಾನು ಮಾತಾಡ್ಸಿದ್ನಲ್ಲ, 'ಸಂದಾಕಿದ್ದೀರಾ' ಅಂತ. ನೀವು ಇಂಗೆ ತಲೆ ಆಡ್ಸಿದ್ರಿ."

"ಬೇರೆ ದಿನ ಇರ್ಬೇಕು."

"ಯಾಕ್ ಬ್ಯಾರೆ ದಿನ. ಕರೆಂಟ್ ಇರ್ಲಿಲ್ಲ, ನಿಮ್ ಮೊಬೈಲ್ ಬೆಳಕು ನಿಮ್ ಮುಕದ್ ಮ್ಯಾಲೇ ಬಿದ್ದಿತ್ತು."

ಪದ್ಮರಾಜಯ್ಯನವರ ಕೈ ನನ್ನ ಬೆನ್ನ ಮೇಲೇ ಇತ್ತು. ಅವರು ಅದನ್ನು ತೆಗೆಯಲು ಮರೆತಿದ್ದರು, ಅಥವಾ ತೆಗೆದರೆ ಏನೋ ಹೇಳಿದ ಹಾಗಾಗುತ್ತದೆಂದು ಬಿಟ್ಟಿದ್ದರು. ಅತ್ತೆ ಕನ್ನಡಕ ತೆಗೆದಳು. ಆಪರೇಷನ್ ಆದ ಕಣ್ಣು ಕೆಂಪಗೆ, ನೀರಾಡುತ್ತ, ನನ್ನನ್ನು ಹುಡುಕಿ ಹಿಡಿಯಿತು.

"ಸನ್ಮತಿ."

ನನ್ನ ಬಳಿ ಆಗ ಏನೆಲ್ಲ ಇತ್ತು: ಬೇರೆಯ ಬುಧವಾರ, ಬೇರೆ ಮನುಷ್ಯ, ಲಕ್ಕಮ್ಮನ ವಯಸ್ಸು, ಮೋಡ. ಎಲ್ಲವೂ ಮಡಿಸಿಟ್ಟ ಹಾಗೆ ಸಿದ್ಧವಾಗಿದ್ದವು, ಕರೆದರೆ ಧಗ್ ಎಂದು ಬರುತ್ತಿದ್ದವು. ಅತ್ತೆ ಇನ್ನೊಮ್ಮೆ ಕರೆಯಲಿಲ್ಲ. ಕಾಯುತ್ತಿದ್ದಳು. ಎಷ್ಟು ಹೊತ್ತಾದರೂ ಕಾಯುವವಳ ಹಾಗೆ ಚಾಪೆಯ ಅಂಚನ್ನು ಬೆರಳಿನಿಂದ ನೇರ ಮಾಡುತ್ತಿದ್ದಳು.

"ಇದ್ದೆ ಅತ್ತೆ," ಎಂದೆ. "ಆರೂ ಮುಕ್ಕಾಲಿಂದ ಜಗಲಿ ಮೇಲೆ ಇದ್ದೆ. ನೀವು ತಟ್ಟೆ ಮುಂದೆ ಕೂತಾಗ ಕಿಟಕೀಲಿ ಕಾಣ್ತಿತ್ತು. ಗೋಡೆ ಮೇಲೆ ಆರೂ ಹತ್ತು ಅಂತಿತ್ತು, ನನ್ ಕೈಲಿ ಏಳಕ್ಕೆ ಎರಡು ನಿಮಿಷ ಅಂತಿತ್ತು. ಅದು ನಿಲ್ಲತ್ತೆ ಅಂತ ಅಂಗಡೀಲೇ ನೋಡಿದ್ದೆ. ಗೊತ್ತಿದ್ದೇ ತಂದು ಹಾಕಿದ್ದೆ. ನಿಮ್ಮ ಕಣ್ಣು ಸರಿಯಾಗೇ ಓದಿತ್ತು. ನೀವು ಮೊದಲನೇ ತುತ್ತು ಬಾಯಿಗೆ ಇಡೋವಾಗ ಕೂಗ್ಬೇಕು ಅಂತ ಎದ್ದೆ. ಕೂಗಿದ್ರೆ ಗಡಿಯಾರ ಕೆಟ್ಟಿದೆ ಅಂತ ಒಪ್ಕೋಬೇಕಿತ್ತು. ನೀವು ಒಳಗಿಂದ 'ಯಾರದು' ಅಂದ್ರಿ. ಕಿಟಕಿ ಪಕ್ಕ ಗೋಡೆಗೆ ಅಂಟ್ಕೊಂಡು ನೀವು ಉಣ್ಣೋದನ್ನೇ ನೋಡ್ತಾ ನಿಂತೆ. ಲಕ್ಕಮ್ಮನ ಟಾರ್ಚು ದೂರದಲ್ಲಿ ಕಾಣ್ತು. ಬೈಕ್ ತಳ್ಕೊಂಡು ಕೆರೆ ಏರಿ ತನಕ ಹೋದೆ. ಅಲ್ಲಿ ನಿಂತಿದ್ದು, ಆಮೇಲೆ ಹಾರ್ನ್ ಹೊಡ್ಕೊಂಡು ಬಂದೆ."

ಜಿನಶ್ರೀ ಸೆರಗನ್ನು ಬಾಯಿಗಿಟ್ಟುಕೊಳ್ಳಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನನ್ನ ತೊಡೆಯ ಮೇಲಿನ ಗ್ರೀಸಿನ ಕಲೆಯನ್ನು ನೋಡುತ್ತಿದ್ದಳು.

"ಹಂಗಾದ್ರೆ ನಾನು ಓದಿದ್ದು ಆರೇ," ಎಂದಳು ಅತ್ತೆ, ತನಗೇ ಎಂಬಂತೆ. "ಆರೇ ಇತ್ತು." ಅವಳ ಭುಜ ಇಷ್ಟು ಕೆಳಗೆ ಇಳಿಯಿತು. ಹನ್ನೆರಡು ದಿನದಿಂದ ಅದು ಏರಿಯೇ ಇತ್ತೆಂದು ನನಗೆ ಆಗ ಗೊತ್ತಾಯಿತು. "ಪದ್ಮಣ್ಣಾ, ಏಕಭುಕ್ತ ಬೇಡ ಬಿಡಿ. ಕಣ್ಣು ಐತಲ್ಲ. ಆದ್ರೂ ಮುನಿಗಳ ಹತ್ರ ಹೋಗೇ ಬರೋಣ, ತಿಂದಿದ್ದು ತಿಂದಿದ್ದೇ, ಪ್ರಾಯಶ್ಚಿತ್ತ ಕೇಳ್ಬೇಕು." ಎದ್ದು ನಿಲ್ಲಲು ಕೈ ಚಾಚಿದಳು. ನಾನು ಮುಂದೆ ಹೋದೆ. ಅವಳು ಲಕ್ಕಮ್ಮನ ಕೈ ಹಿಡಿದು ಎದ್ದಳು. ಎದ್ದವಳು ನನ್ನ ಕಡೆ ತಿರುಗಿದಳು. ಬೈಯಲಿಲ್ಲ, ಬೈದಿದ್ದರೆ ನಾನು ಅದನ್ನೂ ಹತ್ತರಷ್ಟು ಮಾಡಿ ಎಲ್ಲಾದರೂ ಹೇಳಿಕೊಂಡು ತಿರುಗುತ್ತಿದ್ದೆನೇನೋ.

"ಮುನಿಗಳು ಕೇಳ್ತಾರೆ, ಸರಿಯಾಗಿ ಹೇಳ್ಬೇಕು. ನನಗೆ ನೆನಪಿಲ್ಲ, ನಾನು ನೆಮ್ಮದಿಯಾಗಿ ಉಣ್ತಿದ್ದೆ. ನೀನು ನೋಡ್ತಿದ್ಯಲ್ಲ. ಎಷ್ಟು ತುತ್ತಪ್ಪಾ?"

"ಹದಿನಾಲ್ಕು," ಎಂದೆ. "ಆಮೇಲೆ ಹಾಲು, ಪೂರ್ತಿ ಲೋಟ. ಎಣಿಸ್ತಾ ನಿಂತಿದ್ದೆ ಅತ್ತೆ."